ಸಿಂಗಾಪುರದಲ್ಲಿ ಮಸ್ಕಿಯ ರಾಜಾ!

ವಿಷ್ಣು ಮತ್ತು ಕುಳ್ಳ ಅಲೆದಾಡಿದ ಊರನ್ನು ನಾನೂ ನೋಡಿ ಬಂದೆ ಎಂದರೆ, ಮಸ್ಕಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಯಾರೂ ನಂಬಲಿಲ್ಲ. ‘ಪಿ.ಯು.ಸಿ. ಬಿಟ್ಟವನಿಗೆ ಫಾರಿನ್ನಾ?’ ಎಂದು ನಕ್ಕರು. ಕೊನೆಗೆ ವಿಮಾನದ ಟಿಕೆಟ್ಟು ತೋರಿಸಬೇಕಾಯಿತು!

‘ಸಿಂಗಾಪುರದಲ್ಲಿ ರಾಜಾ ಕುಳ್ಳ’ 1978ರ ಚಿತ್ರ. ದ್ವಾರಕೀಶ್ ನಿರ್ಮಾಣ, ಸಿ.ವಿ. ರಾಜೇಂದ್ರನ್ ನಿರ್ದೇಶನ, ರಾಜನ್-ನಾಗೇಂದ್ರ ಸಂಗೀತ. ಹೊರದೇಶದಲ್ಲಿ ಚಿತ್ರೀಕರಣಗೊಂಡ ಮೊದಲ ಕನ್ನಡ ಚಿತ್ರವೆಂಬ ಹೆಗ್ಗಳಿಕೆ ಅದರದು. 1986ರಲ್ಲಿ ಅದೇ ಕುಳ್ಳ ‘ಆಫ್ರಿಕಾದಲ್ಲಿ ಶೀಲಾ’ ತೋರಿಸಿದರು. ವಿಷ್ಣು 2009ರಲ್ಲಿ ಅಗಲಿದರು, ಕುಳ್ಳ 2024ರಲ್ಲಿ. ನಮಗೆಲ್ಲ ಪರದೇಶವೆಂದರೆ ಅವರು ಕೊಟ್ಟ ಮೂರು ತಾಸಿನ ರಜ. ದೀಪ ಹತ್ತಿದರೆ ಮತ್ತೆ ಮನೆ.

ದೀಪ ಹತ್ತಿದರೂ ಮನೆಗೆ ಬಾರದವನೊಬ್ಬ ಇದ್ದ. ನಮ್ಮ ದೊಡ್ಡವ್ವನ ಮಗ! ಆರು ವರ್ಷದಿಂದ ಸಿಂಗಾಪುರದ ಹಡಗಿನ ಯಾರ್ಡೊಂದರಲ್ಲಿ ವೆಲ್ಡರ್. ದೀಪಾವಳಿಗೆ ನಾನು ಹೊರಟಾಗ ದೊಡ್ಡವ್ವ ಸಜ್ಜೆರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು ಒಂದೇ ಮಾತು ಹೇಳಿದಳು: ‘ಕರ್ಕೊಂಡು ಬಾರಪ್ಪ.’

ಮಸ್ಕಿಯಿಂದ ಬೆಂಗಳೂರಿಗೆ ರಾತ್ರಿಯಿಡೀ ಬಸ್ಸು. ಅಲ್ಲಿಂದ ಸಿಂಗಾಪುರಕ್ಕೆ ಅಷ್ಟು ಹೊತ್ತೂ ಬೇಡ! ಅಲ್ಲಿ ದೀಪಾವಳಿಗೆ ಸರಕಾರಿ ರಜೆ. ಸೆರಂಗೂನ್ ರಸ್ತೆಯ ತುಂಬ ಬಣ್ಣದ ದೀಪ, ಮಲ್ಲಿಗೆಯ ವಾಸನೆ, ಕಾಳಿಯಮ್ಮನ ಗುಡಿಯ ಮುಂದೆ ಜನಜಾತ್ರೆ. ಆ ಜಾತ್ರೆಯೊಳಗಿಂದ ಅಣ್ಣ ಬಂದ. ರಸ್ತೆಬದಿ ಕೂತು ರೊಟ್ಟಿ ಮುರಿದ. ಮೂರು ರೊಟ್ಟಿ ಮುಗಿಯುವ ತನಕ ಮಾತಿಲ್ಲ.

‘ಊರಿಗೆ ಯಾವಾಗ ಬರ್ತಿ ಅಣ್ಣಾ?’

‘ಬಂದ್ರ ಟಿಕೆಟ್ಟು, ಉಡುಗೊರಿ ಅಂತ ಎರಡು ತಿಂಗಳ ಪಗಾರ ಹೋಗ್ತದ. ಮನಿ ಮ್ಯಾಲೆ ಇನ್ನೊಂದು ಅಂತಸ್ತು ಏರಿಸೋದದ ತಮ್ಮಾ.’

ಮನೆಗಾಗಿ ಮನೆಗೆ ಬಾರದವನು! ನನಗೆ ನಗು ಬರಲಿಲ್ಲ.

1997ರ ‘ಅಮೆರಿಕಾ ಅಮೆರಿಕಾ’ ನೆನಪಾಯಿತು. ನಾಗತಿಹಳ್ಳಿ ಚಂದ್ರಶೇಖರರ ಚಿತ್ರ. ನೆಲ ಬಿಡದ ಸೂರ್ಯನಾಗಿ ರಮೇಶ್, ಅಮೆರಿಕದ ಕನಸಿನ ಶಶಾಂಕನಾಗಿ ಅಕ್ಷಯ್ ಆನಂದ್, ನಡುವೆ ಭೂಮಿಕಾ. ಶಶಾಂಕ ಭೂಮಿಕಾಳನ್ನಾದರೂ ಜೊತೆಗೆ ಕರೆದೊಯ್ದ. ನಮ್ಮಣ್ಣನಂತೆ ಕೂಲಿ ಪರ್ಮಿಟ್ಟಿನ ಮೇಲೆ ಹೋದವರಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಹಕ್ಕೂ ಇಲ್ಲ.

‘ಯಾರ್ಡಿನ್ಯಾಗ ನನ್ನ ಹೆಸರು ಯಾರಿಗೂ ಬರಂಗಿಲ್ಲ, ನಂಬರ್ ಹಿಡದು ಕರೀತಾರ’ ಎಂದ ಅಣ್ಣ. ಆಗ ನಮ್ಮೂರ ಗುಡ್ಡ ಕಣ್ಣಿಗೆ ಕಟ್ಟಿತು. 1915ರಲ್ಲಿ ಬಂಗಾರ ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಇಂಜಿನಿಯರ್ ಮಸ್ಕಿಯ ಬಂಡೆಯ ಮೇಲೆ ಶಾಸನ ಕಂಡ. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಜಗತ್ತಿಗೆ ಖಾತ್ರಿಯಾದದ್ದು ಆ ಬಂಡೆಯಲ್ಲಿದ್ದ ಹೆಸರಿನಿಂದ. ಬಂಗಾರಕ್ಕೆ ಬಂದವನಿಗೆ ನಮ್ಮೂರಲ್ಲಿ ಹೆಸರು ಸಿಕ್ಕಿತು. ನಮ್ಮೂರಿಂದ ಬಂಗಾರಕ್ಕೆ ಹೋದವನ ಹೆಸರು ನಂಬರಾಯಿತು!

ತಡೆಯಲಾರದೆ ಹೇಳಿಬಿಟ್ಟೆ: ‘ಅಣ್ಣಾ, ನಿನ್ನ ಹೊಸ ಮನಿಯೊಳಗ ನೆಲ್ಲಿನ ಚೀಲ ಅದಾವ. ದೊಡ್ಡವ್ವ ಇನ್ನೂ ಹಳೇ ಮನಿಯಾಗ ಮಲಗ್ತಾಳ. ಮಗ ಮೊದಲು ಹೊಸ್ತಿಲು ದಾಟ್ಲಿ ಅಂತಾಳ.’

ಅವನಿಗೆ ಇದು ಗೊತ್ತೇ ಇರಲಿಲ್ಲ. ಫೋನಿನಲ್ಲಿ ಆಕೆ ಯಾವತ್ತೂ ಹೇಳಿರಲಿಲ್ಲ. ರೊಟ್ಟಿ ಕಟ್ಟಿದ್ದ ಬಟ್ಟೆಯನ್ನು ಮಡಚಿ ಮಡಚಿ ಜೇಬಿಗಿಟ್ಟುಕೊಂಡ.

ಮಿತ್ರರೇ, ಸಿನಿಮಾ ಆಗಿದ್ದರೆ ಹೀರೋ ಆ ರಾತ್ರಿಯೇ ವಿಮಾನ ಹತ್ತುತ್ತಿದ್ದ. ಅಣ್ಣ ಮರುದಿನ ಯಾರ್ಡಿಗೆ ಹೋದ, ನಾನೊಬ್ಬನೇ ಮರಳಿದೆ. ದೊಡ್ಡವ್ವ ಕೇಳಿದ್ದು ‘ರೊಟ್ಟಿ ತಿಂದನೇನು?’ ಎಂದಷ್ಟೇ.

ಆದರೆ ಹೋದ ವಾರ ಫೋನು ಬಂತು. ಮೇಲಿನ ಅಂತಸ್ತಿನ ಕೆಲಸ ಸದ್ಯ ಬೇಡವಂತೆ. ದೊಡ್ಡವ್ವ ಈಗ ಗೃಹಪ್ರವೇಶಕ್ಕೆ ಪಂಚಾಂಗ ನೋಡಿಸುತ್ತಿದ್ದಾಳೆ. ಟಿಕೆಟ್ಟು ಇನ್ನೂ ಆಗಿಲ್ಲ... ನೆಲ್ಲಿನ ಚೀಲಗಳನ್ನು ಮಾತ್ರ ನಾನೇ ಹೊತ್ತು ಹೊರಗಿಟ್ಟು ಬಂದಿದ್ದೇನೆ!