ಸ್ವಾಲ್ಬಾರ್ಡಿಗೆ ಹೊರಡುವ ಮುನ್ನ

ಪ್ರವಾಸ ಹೊರಡಬಯಸುವವರು ಮೊದಲು ಸ್ಥಳವನ್ನು ನಿಶ್ಚಯಿಸಿ, ಅನಂತರ ಮಕ್ಕಳ ರಜೆಗೂ ಕಚೇರಿಯ ರಜೆಗೂ ಹೊಂದುವಂತೆ ದಿನಗಳನ್ನು ಗೊತ್ತುಮಾಡಿಕೊಳ್ಳುವುದು ವಾಡಿಕೆ. ಆದರೆ ನಾರ್ವೆಯ ಮುಖ್ಯಭೂಮಿಗೂ ಉತ್ತರ ಧ್ರುವಕ್ಕೂ ಹೆಚ್ಚುಕಡಿಮೆ ನಡುದಾರಿಯಲ್ಲಿ, 74ರಿಂದ 81 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ, ಹಿಮನದಿಗಳನ್ನೂ ಮೊನಚು ಶಿಖರಗಳನ್ನೂ ಹೊತ್ತು ಹರಡಿರುವ ಸ್ವಾಲ್ಬಾರ್ಡ್ ದ್ವೀಪಸಮೂಹದ ವಿಷಯದಲ್ಲಿ ಈ ಕ್ರಮ ಸಲ್ಲದು. ಅಲ್ಲಿಗೆ ಹೋಗಬೇಕೆನ್ನುವವನು ತನ್ನ ರಜೆಯ ಪಟ್ಟಿಯನ್ನು ನೋಡುವುದಕ್ಕೆ ಮೊದಲು ಆ ನೆಲದ ಆಕಾಶವನ್ನು ಕುರಿತು ಸ್ವಲ್ಪ ತಿಳಿದುಕೊಳ್ಳಬೇಕು. ಏಕೆಂದರೆ ಏಪ್ರಿಲ್ ತಿಂಗಳ ಮೂರನೆಯ ವಾರದಿಂದ ಆಗಸ್ಟಿನ ಕೊನೆಯ ವಾರದವರೆಗೆ ಸೂರ್ಯನು ಅಸ್ತಮಿಸದೆಯೂ, ಅಕ್ಟೋಬರಿನ ಕೊನೆಯಿಂದ ಫೆಬ್ರವರಿಯ ನಡುವಿನವರೆಗೆ ಉದಯಿಸದೆಯೂ ಇರುವ ಆ ನಾಡಿನಲ್ಲಿ, ಏನನ್ನು ಕಾಣಬಹುದು, ಹೇಗೆ ಸಂಚರಿಸಬಹುದು, ಯಾವ ಬಟ್ಟೆ ತೊಡಬೇಕು ಎಂಬ ಎಲ್ಲ ಪ್ರಶ್ನೆಗಳಿಗೂ ಉತ್ತರ ಹೇಳುವುದು ಬೆಳಕೇ.

ಚಳಿಗಾಲದ ನಡುವೆ, ಎಂದರೆ ನವೆಂಬರಿನ ಮಧ್ಯದಿಂದ ಜನವರಿಯ ಕೊನೆಯವರೆಗೆ ಹೋದವರಿಗೆ ಮಧ್ಯಾಹ್ನಕ್ಕೂ ಮಧ್ಯರಾತ್ರಿಗೂ ಭೇದ ತಿಳಿಯದು. ಮುಗಿಲು ತಿಳಿಯಾಗಿದ್ದರೆ ಹಾಡುಹಗಲಿನ ಹೊತ್ತಿನಲ್ಲಿಯೇ ಧ್ರುವಪ್ರಭೆಯ ಹಸುರು ಅಲೆಗಳನ್ನು ಕಾಣುವ ಭಾಗ್ಯ ಲೋಕದ ಕೆಲವೇ ಊರುಗಳಿಗೆ ಉಂಟು, ಅವುಗಳಲ್ಲಿ ಇದೊಂದು. ಆದರೆ ಪರ್ವತಗಳೆಲ್ಲ ಕತ್ತಲಲ್ಲಿ ಅಡಗಿರುವ ಆ ಕಾಲದಲ್ಲಿ ಮೊದಲ ಬಾರಿಗೆ ಹೋಗುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಫೆಬ್ರವರಿಯ ನಡುವಿನಲ್ಲಿ ಸೂರ್ಯನು ದಿಗಂತದ ಮೇಲಕ್ಕೆ ಬಂದರೂ, ಮುಖ್ಯ ಊರಾದ ಲಾಂಗ್‌ಯರ್‌ಬಿಯೆನ್ನಿನ ದಕ್ಷಿಣಕ್ಕಿರುವ ಬೆಟ್ಟಗಳು ಅವನನ್ನು ಮರೆಮಾಡಿಕೊಂಡಿರುತ್ತವೆ. ಊರೊಳಗೆ ಮೊದಲ ಕಿರಣ ಬೀಳುವುದು ಮಾರ್ಚ್ 8ರ ಸುಮಾರಿಗೆ. ಅಂದು ಮಕ್ಕಳೂ ದೊಡ್ಡವರೂ ಮೇಲುಭಾಗದಲ್ಲಿರುವ ಹಳೆಯ ಆಸ್ಪತ್ರೆಯ ಮೆಟ್ಟಿಲುಗಳ ಬಳಿ ನೆರೆಯುತ್ತಾರೆ. ಆಸ್ಪತ್ರೆಯ ಕಟ್ಟಡ ಎಂದೋ ಹೋಗಿದೆ, ಮೆಟ್ಟಿಲುಗಳನ್ನು ಮಾತ್ರ ಈ ಒಂದು ದಿನಕ್ಕಾಗಿ ಉಳಿಸಿಕೊಂಡಿದ್ದಾರೆ. ಮಕ್ಕಳು ಕೆನ್ನೆಯ ಮೇಲೆ ಹಳದಿ ಬಣ್ಣದ ಸೂರ್ಯನನ್ನು ಬರೆಸಿಕೊಂಡು, ಬಾ ಎಂದು ಅವನನ್ನು ಕೂಗಿ ಕರೆಯುತ್ತಾರೆ. ಮಧ್ಯಾಹ್ನ ಒಂದು ಗಂಟೆಗೆ ಸ್ವಲ್ಪ ಮುಂಚೆ ಬೆಳಕು ಆ ಮೆಟ್ಟಿಲುಗಳನ್ನು ಮುಟ್ಟುತ್ತದೆ. ನಾಲ್ಕು ತಿಂಗಳ ತರುವಾಯ ಬಿಸಿಲನ್ನು ಎದುರುಗೊಳ್ಳುವ ಈ ಒಂದು ವಾರದ ಉತ್ಸವಕ್ಕೆ ಸೇರಬೇಕೆನ್ನುವವರು ವಸತಿಯನ್ನು ಬಹಳ ಮುಂಚಿತವಾಗಿಯೇ ಕಾದಿರಿಸಿಕೊಳ್ಳಬೇಕು, ಏಕೆಂದರೆ ಊರಿನ ಒಟ್ಟು ಜನಸಂಖ್ಯೆಯೇ ಸುಮಾರು 2,500. ಮಾರ್ಚಿನಿಂದ ಮೇ ಮೊದಲ ಭಾಗದವರೆಗೆ ನೆಲವೆಲ್ಲ ಹಿಮ. ನಾಯಿಗಳು ಎಳೆಯುವ ಜಾರುಬಂಡಿಗಳಲ್ಲಿಯೋ ಹಿಮದ ಸ್ಕೂಟರುಗಳಲ್ಲಿಯೋ ದೂರದ ಕಣಿವೆಗಳಿಗೆ ಹೋಗಬಹುದು. ಒಂದು ಊರಿನಿಂದ ಇನ್ನೊಂದು ಊರಿಗೆ ರಸ್ತೆಯೆಂಬುದೇ ಇಲ್ಲದ ಆ ದ್ವೀಪಗಳಲ್ಲಿ ಹಿಮವೇ ಹೆದ್ದಾರಿ.

ಜೂನಿನಿಂದ ಆಗಸ್ಟಿನವರೆಗಿನದು ದೋಣಿಯ ಕಾಲ. ಉಷ್ಣತೆ ಐದಾರು ಡಿಗ್ರಿಗಳ ಆಸುಪಾಸಿನಲ್ಲಿರುತ್ತದೆ. ಒಂದೇ ಒಂದು ಮರವೂ ಬೆಳೆಯದ ಆ ನೆಲದಲ್ಲಿ, ಅಂಗುಲವೆರಡಂಗುಲ ಎತ್ತರದ ಹೂಗಿಡಗಳು ಕಲ್ಲುಗಳ ಸಂದಿನಲ್ಲಿ ಅರಳುತ್ತವೆ, ಕಡಲ ಬಂಡೆಗಳ ಮೇಲೆ ಲಕ್ಷಾಂತರ ಹಕ್ಕಿಗಳು ಗೂಡು ಹೂಡುತ್ತವೆ, ನೀರ್ಗಲ್ಲುಗಳು ಕಳಚಿ ಬೀಳುವ ಹಿಮನದಿಗಳ ಮುಂಭಾಗಕ್ಕೆ ಹಡಗಿನಲ್ಲಿ ಹೋಗಬಹುದು, ದಡದಲ್ಲಿ ಕೋರೆಹಲ್ಲಿನ ವಾಲ್ರಸ್‌ಗಳು ಗುಂಪಾಗಿ ಮಲಗಿರುವುದನ್ನು ಕಾಣಬಹುದು. ಕುಟುಂಬಸಮೇತರಾಗಿ ಮೊದಲ ಸಲ ಹೋಗುವವರಿಗೆ ನಾನು ಸೂಚಿಸುವುದು ಈ ಬೇಸಗೆಯನ್ನೇ. ರಾತ್ರಿಯಿಡೀ ಬಿಸಿಲಿರುವುದರಿಂದ ನಿದ್ರೆಗೆ ಕಣ್ಣುಪಟ್ಟಿಯೊಂದನ್ನು ಒಯ್ಯುವುದು ಮಾತ್ರ ಅವಶ್ಯ.

ಕಾಲ ನಿಶ್ಚಯವಾದ ಮೇಲೆ ಕಾಗದಪತ್ರಗಳ ಮಾತು. ಇಲ್ಲೊಂದು ವಿಚಿತ್ರವಿದೆ. ಮೊದಲನೆಯ ಮಹಾಯುದ್ಧದ ಅನಂತರ, 1920ರ ಫೆಬ್ರವರಿ 9ರಂದು ಪ್ಯಾರಿಸ್ಸಿನಲ್ಲಿ ಆದ ಒಪ್ಪಂದದಂತೆ ಈ ದ್ವೀಪಗಳ ಪ್ರಭುತ್ವ ನಾರ್ವೆಯದಾದರೂ, ಒಪ್ಪಂದಕ್ಕೆ ಸೇರಿದ ಎಲ್ಲ ದೇಶಗಳ ಪ್ರಜೆಗಳಿಗೂ ಅಲ್ಲಿ ವಾಸಿಸುವ, ದುಡಿಯುವ ಸಮಾನವಾದ ಹಕ್ಕಿದೆ, ಮತ್ತು ಆಗ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತವೂ ಅದರಲ್ಲಿ ಮೊದಲಿನಿಂದಲೇ ಸೇರಿದೆ. ಹೀಗಾಗಿ ಸ್ವಾಲ್ಬಾರ್ಡಿಗೆಂದು ವೀಸಾ ಬೇಕಿಲ್ಲ. ಆದರೆ ವಿಮಾನಗಳು ಓಸ್ಲೋ ಅಥವಾ ಟ್ರೊಮ್ಸೋ ನಗರದ ಮೂಲಕವೇ ಹೋಗುವುದರಿಂದ ನಾರ್ವೆಯನ್ನು ಹೊಕ್ಕು ಹೊರಡುವುದಕ್ಕೆ, ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಬೇಕೇ ಬೇಕು; ಸ್ವಾಲ್ಬಾರ್ಡಾದರೋ ಷೆಂಗೆನ್ ಪ್ರದೇಶದ ಹೊರಗಿದೆ. ಅಲ್ಲಿಗೆ ಹೋದರೆ ಷೆಂಗೆನ್ನಿನಿಂದ ಹೊರಬಿದ್ದಂತೆ, ಮರಳುವಾಗ ಮತ್ತೆ ಒಳಹೊಕ್ಕಂತೆ ಲೆಕ್ಕ. ಆದುದರಿಂದ ಅರ್ಜಿ ಬರೆಯುವಾಗಲೇ ಎರಡು ಅಥವಾ ಹೆಚ್ಚು ಪ್ರವೇಶಗಳ ವೀಸಾವನ್ನು ಕೇಳತಕ್ಕದ್ದು. ಒಂದೇ ಪ್ರವೇಶದ ವೀಸಾ ಹಿಡಿದು ಹೋದವರಿಗೆ ಹಿಂದಿರುಗುವ ದಾರಿ ತೊಡಕಾಗುತ್ತದೆ.

ಲಾಂಗ್‌ಯರ್‌ಬಿಯೆನ್ ಹುಟ್ಟಿದ್ದು ಕಲ್ಲಿದ್ದಲಿನಿಂದ. 1906ರಲ್ಲಿ ಗಣಿ ತೆಗೆಸಿದ ಅಮೆರಿಕದ ಜಾನ್ ಲಾಂಗ್‌ಯಿಯರ್ ಎಂಬ ಉದ್ಯಮಿಯ ಹೆಸರನ್ನೇ ಊರು ಹೊತ್ತಿದೆ. ಗಣಿಗಾರರು ಮಸಿ ಮೆತ್ತಿದ ಬೂಟುಗಳನ್ನು ಬಾಗಿಲಲ್ಲೇ ಬಿಡುತ್ತಿದ್ದ ರೂಢಿ ಇಂದಿಗೂ ನಿಂತುಹೋಗಿಲ್ಲ: ವಸತಿಗೃಹಗಳಲ್ಲಿ, ವಸ್ತುಸಂಗ್ರಹಾಲಯದಲ್ಲಿ ಪಾದರಕ್ಷೆಗಳನ್ನು ಹೊರಗಿರಿಸಿ ಕಾಲುಚೀಲದಲ್ಲಿ ಒಳಗೆ ಹೋಗಬೇಕು. ನಮ್ಮವರಿಗೆ ಇದು ಹೇಳಿಕೊಡಬೇಕಾದ ಪಾಠವಲ್ಲ. ಅಲ್ಲಿ ಸಾಯುವುದೇ ಕಾನೂನಿಗೆ ವಿರುದ್ಧವೆಂಬ ಮಾತು ಬಹಳ ಪ್ರಚಾರದಲ್ಲಿದೆ, ಅದು ಸುಳ್ಳು. ಸದಾ ಹೆಪ್ಪುಗಟ್ಟಿರುವ ನೆಲ ಹೂತ ಪೆಟ್ಟಿಗೆಗಳನ್ನು ಮೇಲಕ್ಕೆ ದೂಡುವುದರಿಂದ ಶವಗಳನ್ನು ಹೂಳುವುದನ್ನು ನಿಲ್ಲಿಸಿದ್ದಾರೆ, ಅಷ್ಟೇ.

ಊರಿನ ಎಲ್ಲೆ ಮುಗಿಯುವಲ್ಲಿ ಹಿಮಕರಡಿಯ ಚಿತ್ರವಿರುವ ಫಲಕವೊಂದು ನಿಂತಿದೆ. ಅದನ್ನು ಅಲಂಕಾರವೆಂದು ಯಾರೂ ತಿಳಿಯಬಾರದು. ಅದರಾಚೆಗೆ ಹೋಗುವವರು ಕರಡಿಯನ್ನು ಹೆದರಿಸಿ ಅಟ್ಟುವ ಸಾಧನಗಳನ್ನು ಒಯ್ಯಲೇಬೇಕೆಂದು ಕಟ್ಟಳೆಯಿದೆ. ಬಂದೂಕು ಹಿಡಿದ ಅನುಭವಿ ಮಾರ್ಗದರ್ಶಕನಿಲ್ಲದೆ ಹೊರನಾಡಿನವರು ಹೋಗುವುದು ತರವಲ್ಲ. ಹಾಗೆಂದು ಬಂದೂಕು ಕರಡಿಯ ಮೇಲೆ ಪ್ರಯೋಗಿಸುವುದಕ್ಕೆಂದು ಇರುವುದೂ ಅಲ್ಲ. 1973ರಿಂದ ಹಿಮಕರಡಿಗಳಿಗೆ ಅಲ್ಲಿ ಪೂರ್ಣ ರಕ್ಷಣೆಯಿದೆ, ಪ್ರಾಣಾಪಾಯದಲ್ಲಿ ಕೊಂದರೂ ತನಿಖೆ ನಡೆಯುತ್ತದೆ. 2025ರ ಜನವರಿಯಿಂದ ನಿಯಮಗಳು ಇನ್ನಷ್ಟು ಬಿಗಿಯಾಗಿವೆ: ಕರಡಿಯಿಂದ 300 ಮೀಟರುಗಳಷ್ಟು, ಮರಿಗಳನ್ನು ಕಟ್ಟಿಕೊಂಡು ತಾಯಿ ಬೇಟೆಯಾಡುವ ಮಾರ್ಚಿನಿಂದ ಜೂನಿನವರೆಗೆ 500 ಮೀಟರುಗಳಷ್ಟು ದೂರವಿರಬೇಕು, ರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗುಗಳು ಹೋಗುವಂತಿಲ್ಲ. ಕರಡಿಯ ಚಿತ್ರವನ್ನು ಹತ್ತಿರದಿಂದ ತೆಗೆಯಬೇಕೆಂಬ ಆಸೆಯುಳ್ಳವರಿಗೆ ಇದು ನಿರಾಶೆಯನ್ನು ತರಬಹುದು. ಆದರೆ ಲೋಕದ ಸರಾಸರಿಗಿಂತ ಹಲವು ಪಟ್ಟು ವೇಗವಾಗಿ ಕಾಯುತ್ತಿರುವ, ಕಡಲ ಮಂಜುಗಡ್ಡೆ ವರ್ಷವರ್ಷವೂ ಕುಗ್ಗುತ್ತಿರುವ ಆ ನಾಡಿನಲ್ಲಿ, ಹಸಿದ ಪ್ರಾಣಿಯೊಂದನ್ನು ಅಟ್ಟಿಸಿಕೊಂಡು ಹೋಗಿ ಅದರ ಕಸುವನ್ನು ವ್ಯಯಮಾಡಿಸುವ ಹಕ್ಕು ಯಾವ ಪ್ರವಾಸಿಗೂ ಇಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಒಳ್ಳೆಯ ದೂರದರ್ಶಕವೊಂದನ್ನು ಕೊಂಡೊಯ್ಯಿರಿ. ಅಲ್ಲಿ ಕ್ಯಾಮೆರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

ವಿಮಾನ ನಿಲ್ದಾಣದ ಮೇಲಣ ಬೆಟ್ಟದ ಪಕ್ಕದಲ್ಲಿ, ಕಾಂಕ್ರೀಟಿನ ಕಿರಿದಾದ ಬಾಗಿಲೊಂದು ಹೊರಚಾಚಿಕೊಂಡಿರುವುದು ಕಾಣುತ್ತದೆ. 2008ರ ಫೆಬ್ರವರಿಯಲ್ಲಿ ತೆರೆದ ಜಾಗತಿಕ ಬೀಜಭಂಡಾರ ಅದು. ಒಳಗೆ, ಬೆಟ್ಟದ ಗರ್ಭದಲ್ಲಿ, ಮೈನಸ್ 18 ಡಿಗ್ರಿ ಶೈತ್ಯದಲ್ಲಿ, ಎಲ್ಲ ಖಂಡಗಳ ಬೆಳೆಗಳ ಬೀಜಗಳಿವೆ. ಹೈದರಾಬಾದಿನ ಬಳಿ ಪಟಾಂಚೆರುವಿನಲ್ಲಿರುವ ಇಕ್ರಿಸಾಟ್ ಎಂಬ ಬೆಳೆ ಸಂಶೋಧನಾ ಸಂಸ್ಥೆ ಕಳುಹಿಸಿದ ಜೋಳ, ಸಜ್ಜೆ, ಕಡಲೆ, ತೊಗರಿ ಮೊದಲಾದವೂ ಅವುಗಳೊಡನೆ ಭದ್ರವಾಗಿವೆ. ಸಿರಿಯದ ಅಂತರ್ಯುದ್ಧದಲ್ಲಿ ಅಲೆಪ್ಪೊ ಬಳಿಯ ಬೀಜಸಂಗ್ರಹ ಕೈತಪ್ಪಿದಾಗ, 2015ರಲ್ಲಿ ಇಲ್ಲಿಂದಲೇ ಬೀಜಗಳನ್ನು ಮರಳಿ ಪಡೆದು ಬಿತ್ತಿದರು. ಪ್ರವಾಸಿಗಳಿಗೆ ಒಳಗೆ ಪ್ರವೇಶವಿಲ್ಲ. ಆದರೂ ಕಲಬುರಗಿಯ ತೊಗರಿಯನ್ನೂ ವಿಜಯಪುರದ ಜೋಳವನ್ನೂ ಉಂಡು ಬೆಳೆದವರು ಆ ಬಾಗಿಲ ಮುಂದೆ ಒಂದು ಗಳಿಗೆ ನಿಲ್ಲದೆ ಬರಲಾರರು.

ಖರ್ಚು ಹೆಚ್ಚು, ತರಕಾರಿಯ ಒಂದೊಂದು ಎಲೆಯೂ ಹಡಗಿನಲ್ಲೋ ವಿಮಾನದಲ್ಲೋ ಬರಬೇಕಾದ ಊರದು. ಸಸ್ಯಾಹಾರಿಗಳು ಸುಂಕದ ನಿಯಮಗಳನ್ನು ನೋಡಿಕೊಂಡು ಅವಲಕ್ಕಿ, ಚಟ್ನಿಪುಡಿಗಳನ್ನು ಜೊತೆಗಿರಿಸಿಕೊಳ್ಳುವುದು ಲೇಸು. ಊರಿನ ಆಸ್ಪತ್ರೆ ಸಣ್ಣದು, ಗಂಭೀರವಾದ ಕಾಯಿಲೆಯಾದರೆ ಟ್ರೊಮ್ಸೋಗೆ ವಿಮಾನದಲ್ಲಿ ಸಾಗಿಸಬೇಕಾಗುತ್ತದೆ. ಆದ್ದರಿಂದ ವಿಮೆಯಲ್ಲಿ ಶೋಧ ಮತ್ತು ರಕ್ಷಣೆಯ ವೆಚ್ಚವೂ ಸೇರಿದೆಯೇ ಎಂದು ಪರೀಕ್ಷಿಸತಕ್ಕದ್ದು. ಮಂಜು ಕವಿದರೆ ವಿಮಾನ ಇಳಿಯದು, ಗಾಳಿ ಬೀಸಿದರೆ ದೋಣಿ ಹೊರಡದು. ಮರಳುವ ಮಾರ್ಗದಲ್ಲಿ ಒಂದೆರಡು ದಿನಗಳನ್ನು ಖಾಲಿ ಬಿಟ್ಟುಕೊಂಡವರಿಗೆ ಇದರಿಂದ ಕಷ್ಟವಾಗದು.

ದೋಣಿಯ ಕಾಲದಲ್ಲಿ ಹೋಗುವವರು ಸಾಧ್ಯವಾದರೆ 79 ಡಿಗ್ರಿ ಅಕ್ಷಾಂಶದ ನಿ-ಓಲೆಸುಂಡ್ ಎಂಬ ಊರಿಗೆ ಹೋಗಿಬರಬೇಕು. ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಅಲ್ಲಿದೆ. ಹಿಮನದಿಗಳನ್ನೂ ವಾತಾವರಣವನ್ನೂ ನಮ್ಮ ವಿಜ್ಞಾನಿಗಳು ಅಲ್ಲಿ ಅಭ್ಯಸಿಸುತ್ತಾರೆ. ಸೂಕ್ಷ್ಮವಾದ ರೇಡಿಯೋ ಉಪಕರಣಗಳಿಗೆ ತೊಂದರೆಯಾಗದಂತೆ ಮೊಬೈಲಿನ ವೈಫೈ, ಬ್ಲೂಟೂತ್‌ಗಳನ್ನು ದೋಣಿ ದಡ ಮುಟ್ಟುವ ಮೊದಲೇ ಆರಿಸಬೇಕು, ಹಕ್ಕಿಗಳ ಗೂಡುಗಳಿರುವುದರಿಂದ ದಾರಿ ಬಿಟ್ಟು ಹೆಜ್ಜೆಯಿಡಬಾರದು. ಊರಿನ ಹೊರಗೆ, 1926ರ ಮೇ ತಿಂಗಳಲ್ಲಿ ಧ್ರುವಾನ್ವೇಷಕ ಆಮುಂಡ್ಸೆನ್ ಮತ್ತು ಸಂಗಡಿಗರು ಉತ್ತರ ಧ್ರುವದ ಮೇಲೆ ಹಾರಿ ಅಲಾಸ್ಕಕ್ಕೆ ಹೋದ ನಾರ್ಗೆ ವಾಯುನೌಕೆಯನ್ನು ಕಟ್ಟಿದ್ದ ಕಬ್ಬಿಣದ ಕಂಬ ಈಗಲೂ ನಿಂತಿದೆ; ಅಲ್ಲಿಯವರೆಗೆ ನಡೆಯುವುದಾದರೆ ಮಾರ್ಗದರ್ಶಕನನ್ನು ಮುಂದೆ ಬಿಟ್ಟುಕೊಂಡೇ ನಡೆಯಬೇಕು.