ಮಧ್ಯಾಹ್ನದ ಬಿಡುವಿನಲ್ಲಿ ಕಟ್ಟಿದ ಸಮಾಜಗಳು

ಚಾಮರಾಜಪೇಟೆ ಕಡೆಗೆ ಹೋಗುವ ಬಸ್ಸಿನಲ್ಲಿ ‘ಮಕ್ಕಳ ಕೂಟ’ ಎಂದು ಕೂಗಿದಾಗ ಇಳಿಯುವ ಬಹಳಷ್ಟು ಜನರಿಗೆ ಅದೊಂದು ಸ್ಟಾಪು, ಒಂದು ವೃತ್ತ, ಅಷ್ಟೆ. ಆ ವೃತ್ತದಲ್ಲಿರುವ ಸಂಸ್ಥೆಯನ್ನು 1938ರಲ್ಲಿ ಕಟ್ಟಿದವರು ಆರ್. ಕಲ್ಯಾಣಮ್ಮ. ಬಾಲ್ಯದಲ್ಲೇ ಮದುವೆ, ಬಾಲ್ಯದಲ್ಲೇ ವೈಧವ್ಯ. ಅಂದಿನ ಲೆಕ್ಕದಲ್ಲಿ ಅಂಥ ಹೆಣ್ಣುಮಗಳ ಜಾಗ ಹಿತ್ತಿಲ ಕೋಣೆ. ಶುಭಕಾರ್ಯಕ್ಕೆ ಎದುರು ಬರದಂತೆ ಬದುಕಿ ಮುಗಿಸಿದರೆ ಅದೇ ಹೆಚ್ಚು. ಕಲ್ಯಾಣಮ್ಮ ಆ ಕೋಣೆಯಲ್ಲಿ ಕೂರಲಿಲ್ಲ. 1913ರಲ್ಲಿ ಶಾರದಾ ಸ್ತ್ರೀ ಸಮಾಜ ಕಟ್ಟಿದರು. 1921ರಲ್ಲಿ ಹೆಂಗಸರಿಗಾಗಿ ‘ಸರಸ್ವತಿ’ ಮಾಸಪತ್ರಿಕೆ ಶುರುಮಾಡಿ 42 ವರ್ಷ ನಡೆಸಿದರು. ಮಕ್ಕಳ ಕೂಟ ಬಂದದ್ದು ಇವೆರಡರ ನಂತರ.

1913 ಎಂಬ ಇಸವಿಯ ಬಳಿ ತುಸು ನಿಲ್ಲಬೇಕು. ಅದೇ ವರ್ಷ ಬೆಂಗಳೂರಿನಲ್ಲಿ ಮಹಿಳಾ ಸೇವಾ ಸಮಾಜವೂ ಹುಟ್ಟಿತು. ಅದರ ಹಿಂದೆ ಇದ್ದವರು ಪಾರ್ವತಮ್ಮ ಚಂದ್ರಶೇಖರ ಅಯ್ಯರ್. ಬಸವನಗುಡಿಯ ಕೃಷ್ಣರಾಜೇಂದ್ರ ರಸ್ತೆಯಲ್ಲಿ ಇವತ್ತಿಗೂ ಆ ಸಂಸ್ಥೆ ಇದೆ. ಯೂನಿಫಾರ್ಮು ತೊಟ್ಟ ಹುಡುಗಿಯರು ಗೇಟಿನಿಂದ ಗುಂಪುಗುಂಪಾಗಿ ಹೊರಬರುವುದನ್ನು ನೋಡಿ ‘ಇದೊಂದು ಸ್ಕೂಲು’ ಎಂದುಕೊಂಡು ಮುಂದೆ ಹೋಗುವವರೇ ಹೆಚ್ಚು. ಸ್ಕೂಲು ಹೌದು. ಆದರೆ ಅದರ ಬೇರು ಇರುವುದು ಹೆಂಗಸರ ಒಂದು ಕೂಟದಲ್ಲಿ.

ಆ ಕಾಲದ ಬೆಂಗಳೂರನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಬೇಕು. ಚಾಮರಾಜಪೇಟೆ 1892ರ ಹೊತ್ತಿಗೆ ಆದ ಬಡಾವಣೆ. 1898ರ ಪ್ಲೇಗು ಪೇಟೆಯ ಗಲ್ಲಿಗಳನ್ನು ಖಾಲಿ ಮಾಡಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಎದ್ದವು. ಅಗಲ ರಸ್ತೆ, ಗಾಳಿಬೆಳಕು, ಪ್ರತಿ ಮನೆಗೂ ಕಾಂಪೌಂಡು. ಗಂಡಸರಿಗೆ ಕಚೇರಿ ಇತ್ತು, ಕೋರ್ಟು ಇತ್ತು, ಸಂಜೆ ಕ್ಲಬ್ಬು ಇತ್ತು. ಪೇಟೆಯ ಒತ್ತೊತ್ತು ಮನೆಗಳಲ್ಲಿ ಬಾವಿಕಟ್ಟೆ, ಜಗಲಿಗಳಲ್ಲಿ ಸಿಗುತ್ತಿದ್ದ ಮಾತುಕತೆ ಹೊಸ ಬಡಾವಣೆಯ ಹೆಂಗಸರಿಗೆ ತಪ್ಪಿತು. ಇದು ನನ್ನ ಊಹೆ. ಆದರೂ ಮಹಿಳಾ ಸಮಾಜಗಳು ಮೊದಲು ಬೇರೂರಿದ್ದು ಕಾಂಪೌಂಡು ಗೋಡೆಗಳ ಈ ಹೊಸ ಬಡಾವಣೆಗಳಲ್ಲೇ ಎಂಬುದು ಕಾಕತಾಳೀಯ ಎನ್ನಿಸುವುದಿಲ್ಲ. ಒಬ್ಬರನ್ನೊಬ್ಬರು ನೋಡುವ, ನಾಲ್ಕು ಮಾತಾಡುವ ಆಸೆಯೇ ಅವುಗಳ ಮೊದಲ ಬಂಡವಾಳ.

ಅಲ್ಲಿಗೆ ಬಂದು ಕೂತವರಿಗೆ ಕಾಣುತ್ತಿದ್ದದ್ದು ಏನು? ಎಷ್ಟೋ ಮನೆಗಳಲ್ಲಿ ಒಬ್ಬ ಮಡಿ ಹೆಂಗಸು. ಮೈಸೂರು ಸಂಸ್ಥಾನ 1894ರಲ್ಲಿ ಶಿಶುವಿವಾಹ ತಡೆಯಲು ಕಾಯಿದೆ ತಂದಿತ್ತು. ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಬಾರದು ಎಂದು. ಎಂಟು ವರ್ಷ! ಅದೂ ಆ ಕಾಲಕ್ಕೆ ದಿಟ್ಟ ಹೆಜ್ಜೆ. ಹಾಗಾದರೆ ಒಂಬತ್ತಕ್ಕೆ ಮದುವೆಯಾಗಿ ಹನ್ನೆರಡಕ್ಕೆ ಗಂಡನನ್ನು ಕಳೆದುಕೊಂಡ ಹುಡುಗಿಯ ಗತಿ? ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಒಂದು ಹೊತ್ತಿನ ಊಟ ಹಾಕಿ, ಜೀವನಪೂರ್ತಿ ಅಣ್ಣನದೋ ಮೈದುನನದೋ ಮನೆಯ ಮುಸುರೆ ತಿಕ್ಕಲು ಬಿಡುತ್ತಿದ್ದರು.

ಬಡ ಹುಡುಗರಿಗೆ ಈ ಊರು ಬಹಳ ಮಾಡಿದೆ. ವಾರಾನ್ನದ ಕಥೆ ನಮ್ಮ ಎಷ್ಟು ದೊಡ್ಡವರ ಜೀವನಚರಿತ್ರೆಯಲ್ಲಿಲ್ಲ! ಸೋಮವಾರ ಈ ವಕೀಲರ ಮನೆ, ಮಂಗಳವಾರ ಆ ಮೇಷ್ಟರ ಮನೆ, ಹೀಗೆ ಏಳು ಮನೆಯ ಅನ್ನ ಉಂಡು ಓದಿ ದಿವಾನ ಕಚೇರಿ ಸೇರಿದವರ ನೆನಪುಗಳನ್ನು ನಾವು ಪ್ರೀತಿಯಿಂದ ಓದುತ್ತೇವೆ. ವಾರಾನ್ನ ಉಂಡು ಓದಿದ ಹುಡುಗಿಯ ಕಥೆ ನಾನು ಎಲ್ಲೂ ಓದಿಲ್ಲ. ಆ ಪದ್ಧತಿಯೇ ಅವಳಿಗಿರಲಿಲ್ಲ. ಅನ್ನ ಹಾಕುತ್ತಿದ್ದ ಅದೇ ಮನೆಯ ಒಳಕೋಣೆಯಲ್ಲಿ, ಅಕ್ಷರ ಬಾರದ ಒಬ್ಬ ಹುಡುಗಿ ಆ ಹುಡುಗನಿಗೆ ಎಲೆ ಹಾಕುತ್ತಿದ್ದಳು. ಬಸವನಗುಡಿಯಲ್ಲಿ 1905ರಲ್ಲೇ ಚಕ್ರವರ್ತಿ ವೆಂಕಟವರದಯ್ಯಂಗಾರ್ಯರು ಅಬಲಾಶ್ರಮ ತೆರೆದದ್ದು ಈ ಕೊರತೆಯನ್ನು ಕಂಡು. ವಿಧವೆಯರಿಗೆ ನೆಲೆ, ಊಟ, ಓದು. ಅದು ಇವತ್ತಿಗೂ ಆಸರೆಯಿಲ್ಲದ ಹೆಣ್ಣುಮಕ್ಕಳಿಗೆ ಮನೆಯಾಗಿದೆ. ಅಬಲಾಶ್ರಮ ಒಬ್ಬ ಹಿರಿಯರ ಕರುಣೆಯಿಂದ ಹುಟ್ಟಿದ್ದು. 1913ರ ಎರಡು ಸಮಾಜಗಳಲ್ಲಿ ಹೆಂಗಸರು ತಾವೇ ಕೈಹಾಕಿದರು. ಅದರಲ್ಲೂ ಶಾರದಾ ಸ್ತ್ರೀ ಸಮಾಜದಲ್ಲಿ, ಯಾರನ್ನು ಕರುಣೆಯಿಂದ ನೋಡಬೇಕೆಂದು ಲೋಕ ತೀರ್ಮಾನಿಸಿತ್ತೋ ಅಂಥವರೇ ಮುಂದೆ ನಿಂತು ಸಭೆ ನಡೆಸಿದರು.

ಇಂಥ ಸಮಾಜಗಳು ನಡೆದದ್ದೆಲ್ಲ ಮಧ್ಯಾಹ್ನ. ಗಂಡಸರು ಕಚೇರಿಗೆ, ಮಕ್ಕಳು ಸ್ಕೂಲಿಗೆ ಹೋಗಿ, ಎರಡನೇ ಪಂಕ್ತಿಯಲ್ಲಿ ತಮ್ಮ ಊಟ ಮುಗಿದು, ಅಡುಗೆಮನೆ ಸಾರಿಸಿ, ಸಂಜೆಯ ಕಾಫಿಗೆ ಹಾಲು ಕಾಯಿಸುವ ಮುಂಚೆ ಸಿಗುವ ಎರಡು ಗಂಟೆ. ಆ ಎರಡು ಗಂಟೆಯಲ್ಲಿ ಕನ್ನಡ ಅಕ್ಷರ, ಹೊಲಿಗೆ, ಸಂಗೀತ, ಒಂದಿಷ್ಟು ಲೆಕ್ಕ. ತಿಂಗಳಿಗೆ ಸಣ್ಣ ಚಂದಾ. ವರ್ಷಕ್ಕೊಮ್ಮೆ ವಾರ್ಷಿಕೋತ್ಸವ, ಲೆಕ್ಕಪತ್ರ ಮಂಡನೆ. ಈ ಲೆಕ್ಕಪತ್ರ ಮಂಡನೆಯನ್ನು ಸಣ್ಣದೆಂದು ತಿಳಿಯಬಾರದು. ಮನೆಯ ದುಡ್ಡಿನ ಪೆಟ್ಟಿಗೆಯ ಬೀಗದ ಕೈ ಕಾಣದ ಎಷ್ಟೋ ಗೃಹಿಣಿಯರು ಖಜಾಂಚಿಯಾಗಿ, ಕಾರ್ಯದರ್ಶಿಯಾಗಿ, ನಡಾವಳಿ ಪುಸ್ತಕದಲ್ಲಿ ಸಹಿ ಹಾಕಿದ್ದು ಇಂಥ ಸಮಾಜಗಳಲ್ಲೇ.

ಪಾರ್ವತಮ್ಮನವರ ಪತಿ ಕೆ.ಎಸ್. ಚಂದ್ರಶೇಖರ ಅಯ್ಯರ್ ಮೈಸೂರಿನ ಮುಖ್ಯ ನ್ಯಾಯಾಧೀಶರಾಗಿದ್ದವರು. ಹಿಂದೂ ಕಾಯಿದೆಯಲ್ಲಿ ಹೆಂಗಸರ ಹಕ್ಕುಗಳನ್ನು ಸುಧಾರಿಸುವ ಬಗ್ಗೆ ಮೈಸೂರು ಸರ್ಕಾರ ಸಮಿತಿಯೊಂದನ್ನು ನೇಮಿಸಿದಾಗ ಅದರ ಅಧ್ಯಕ್ಷತೆ ಅವರದಾಗಿತ್ತು. ಅದರ ಫಲವಾಗಿ 1933ರಲ್ಲಿ ಹಿಂದೂ ಕಾನೂನು ಸ್ತ್ರೀ ಹಕ್ಕುಗಳ ಕಾಯಿದೆ ಬಂತು. ಅವಿಭಕ್ತ ಕುಟುಂಬದ ಆಸ್ತಿ ಪಾಲಾಗುವಾಗ ವಿಧವೆಗೆ, ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೊಡಬೇಕೆಂದು ಆ ಕಾಯಿದೆ ಹೇಳಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯ ಆಸ್ತಿಹಕ್ಕಿನ ಕಾಯಿದೆ ಬಂದದ್ದು 1937ರಲ್ಲಿ. ನಮ್ಮದು ನಾಲ್ಕು ವರ್ಷ ಮೊದಲು. ಹೊಲಿಗೆ ತರಗತಿಗೆ ಬಂದ ವಿಧವೆಯರ ಕಷ್ಟಸುಖ ದಿನವೂ ಕೇಳುತ್ತಿದ್ದ ಹೆಂಡತಿ, ಕಾಯಿದೆಯ ಕರಡನ್ನು ಮೇಜಿನ ಮೇಲಿಟ್ಟುಕೊಂಡಿದ್ದ ಗಂಡ, ಇಬ್ಬರೂ ಒಂದೇ ಸೂರಿನಡಿ ಇದ್ದರು. ಅವರ ಮನೆಯ ಊಟದ ಹೊತ್ತಿನ ಮಾತುಗಳನ್ನು ಯಾರೂ ಬರೆದಿಟ್ಟಿರಲಾರರು. ಆದರೆ ಸಮಾಜಸೇವೆ ಎಂದರೆ ಹಣ್ಣುಹಂಪಲು ಹಂಚುವುದು ಎಂದುಕೊಂಡವರು ಈ ಜೋಡಿಯನ್ನು ನೆನೆಯಬೇಕು. ಒಬ್ಬ ವಿಧವೆಗೆ ಹೊಲಿಗೆ ಯಂತ್ರ ಕೊಡಿಸುವುದು ಒಂದು ಕೆಲಸ, ಅವಳಿಗೆ ಮಾವನ ಮನೆಯಲ್ಲಿ ಪಾಲು ಕೊಡಿಸುವುದು ಇನ್ನೊಂದು, ಎರಡೂ ಬೇಕಿತ್ತು.

ಹೊಲಿಗೆ ಯಂತ್ರವನ್ನೂ ಕಡಿಮೆ ಮಾಡಿ ಹೇಳುತ್ತಿಲ್ಲ. ಮಹಿಳಾ ಸಮಾಜ ಎಂದ ಕೂಡಲೇ ಹೊಲಿಗೆ ಎಂದು ಮೂಗು ಮುರಿಯುವವರಿದ್ದಾರೆ. ಅವರು ಒಮ್ಮೆ ಹೋಗಿ ಸೀರೆಗೆ ಫಾಲ್ ಹಾಕುವುದನ್ನು ನೋಡಲಿ. ಹೊಸ ಫಾಲನ್ನು ಮೊದಲು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಫಾಲ್ ಕುಗ್ಗಿ ಸೀರೆಯ ಅಂಚು ಸುಕ್ಕುಗಟ್ಟುತ್ತದೆ. ಆಮೇಲೆ ಸೀರೆಯ ಒಳಗಡೆ, ನೆರಿಗೆ ಬರುವ ಭಾಗದ ಕೆಳ ಅಂಚಿಗೆ ಸರಿಯಾಗಿ ಹೊಂದಿಸಿ ಪಿನ್ ಹಾಕಬೇಕು. ಕೆಳಗಿನ ಅಂಚನ್ನು ಮಿಷನ್ನಿನಲ್ಲಿ ಹೊಲಿಯಬಹುದು, ಮೇಲಿನ ಅಂಚಿಗೆ ಮಾತ್ರ ಕೈಯೇ ಬೇಕು. ಸೂಜಿಯ ತುದಿಯಲ್ಲಿ ಸೀರೆಯ ಒಂದೋ ಎರಡೋ ಎಳೆಯನ್ನಷ್ಟೇ ಎತ್ತಿ, ಫಾಲಿನೊಳಗೆ ತೂರಿಸಿ, ಮುಂದಿನ ಹೊಲಿಗೆಗೆ ಹೋಗಬೇಕು. ಎಳೆ ಜಾಸ್ತಿ ಎತ್ತಿದರೆ ಮುಂಭಾಗದಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ದಾರ ಬಿಗಿಯಾದರೆ ನೆರಿಗೆ ಬೀಳುವುದಿಲ್ಲ. ರೇಷ್ಮೆ ಸೀರೆಯಾದರಂತೂ ಒಂದು ತಪ್ಪು ಹೊಲಿಗೆ ಬಿಚ್ಚಿದರೆ ತೂತು ಉಳಿಯುತ್ತದೆ. ಗಾಂಧಿ ಬಜಾರಿನ, ಮಲ್ಲೇಶ್ವರ ಎಂಟನೇ ಅಡ್ಡರಸ್ತೆಯ ಸೀರೆ ಅಂಗಡಿಗಳ ಸುತ್ತ ಫಾಲು, ಜಿಗ್‌ಜಾಗು, ಕುಚ್ಚಿನ ಕೆಲಸದಿಂದ ಎಷ್ಟು ಸಂಸಾರಗಳು ನಡೆಯುತ್ತಿವೆ, ಎಷ್ಟು ಮಕ್ಕಳ ಫೀಜು ಕಟ್ಟಿದೆ ಎಂದು ಆ ಅಂಗಡಿಯವರನ್ನೇ ಕೇಳಬೇಕು. ಮನೆಯ ಬಾಗಿಲು ದಾಟಲು ಒಪ್ಪಿಗೆಯಿಲ್ಲದ ಹೆಂಗಸಿಗೂ ಕೈಗೆ ನಾಲ್ಕು ಕಾಸು ತರುವ ವಿದ್ಯೆ ಇದು. ಸಮಾಜಗಳ ಹಿರಿಯರು ಹೊಲಿಗೆಯನ್ನು ಆರಿಸಿಕೊಂಡದ್ದು ಬೇರೇನೂ ತೋಚದೆ ಅಲ್ಲ.

ನನಗೆ ಈ ಸಂಸ್ಥೆಗಳಲ್ಲಿ ಅತಿ ಮುಖ್ಯವೆನಿಸಿದ್ದು ಕೊಡುವವರು, ಪಡೆಯುವವರು ಎಂಬ ಗೆರೆ ಅಲ್ಲಿ ಬೇಗ ಅಳಿಸಿಹೋಗುತ್ತಿದ್ದದ್ದು. ಕಲಿಯಲು ಬಂದವಳು ಪರೀಕ್ಷೆ ಮುಗಿಸಿದ ಮೇಲೆ ಕಲಿಸುವವಳಾಗಬಹುದು, ಆಮೇಲೆ ಸಮಿತಿಗೂ ಬರಬಹುದು. ದೇವಸ್ಥಾನದ ಮುಂದೆ ಹಂಚುವ ದಾನ ಹಾಗಲ್ಲ. ಅಲ್ಲಿ ಕೈ ಚಾಚಿದವರು ಮುಂದಿನ ವರ್ಷವೂ ಕೈ ಚಾಚುತ್ತಾರೆ. ಚಾಮರಾಜಪೇಟೆಯಲ್ಲೇ 1953ರಲ್ಲಿ ಶುರುವಾದ ಕರ್ನಾಟಕ ಮಹಿಳಾ ಹಿಂದೀ ಸೇವಾ ಸಮಿತಿ ಇದಕ್ಕೆ ಒಳ್ಳೆಯ ಉದಾಹರಣೆ. ಪ್ರಥಮಾ, ಮಧ್ಯಮಾ ಎಂದು ಮೆಟ್ಟಿಲೇರುತ್ತ ಹಿಂದಿ ಪರೀಕ್ಷೆ ಕಟ್ಟಿದ ಗೃಹಿಣಿಯರು ತಮ್ಮ ಮನೆಯ ವರಾಂಡದಲ್ಲೇ ಹತ್ತು ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದರು. ಹಿಂದಿಯ ಬಗೆಗಿನ ಇಂದಿನ ವಾದವಿವಾದ ಏನೇ ಇರಲಿ, ಪಾಠಪುಸ್ತಕ ಬರೆಯುವುದು, ಅಚ್ಚು ಹಾಕುವುದು, ಪರೀಕ್ಷೆ ನಡೆಸುವುದು ಎಲ್ಲವನ್ನೂ ಹೆಂಗಸರೇ ವಹಿಸಿಕೊಂಡ ಆ ವ್ಯವಸ್ಥೆಯನ್ನು ಮೆಚ್ಚದೆ ಇರಲಾಗುವುದಿಲ್ಲ. ಮಲ್ಲೇಶ್ವರದಲ್ಲಿ ಲೇಡೀಸ್ ಅಸೋಸಿಯೇಷನ್ ಇದೇ ದಾರಿ ಹಿಡಿದು ಕಾಲೇಜಿನವರೆಗೆ ಬೆಳೆಯಿತು. ಎಂಎಲ್‌ಎ ಕಾಲೇಜು ಎಂದರೆ ಶಾಸಕರದ್ದು ಎಂದುಕೊಳ್ಳುವವರು ಈಗಲೂ ಇದ್ದಾರೆ. ಆ ಮೂರಕ್ಷರದಲ್ಲಿ ಇರುವುದು ಮಲ್ಲೇಶ್ವರದ ಹೆಂಗಸರು.

ಊರು ಬಿಟ್ಟು ಬಂದವರಲ್ಲಿ ಹೀಗೆ ಒಟ್ಟು ಸೇರುವ ಹಂಬಲ ಇನ್ನೂ ಗಾಢ. ಗ್ರೀಸಿನಿಂದ ಅಮೆರಿಕಕ್ಕೆ ವಲಸೆ ಹೋದ ಮನೆತನಗಳ ಹೆಂಗಸರು 1929ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ‘ಡಾಟರ್ಸ್ ಆಫ್ ಪೆನೆಲೊಪಿ’ ಸಂಘ ಕಟ್ಟಿದರು. 1931ರಲ್ಲಿ ಅವರ ಚರ್ಚಿನ ಆಶ್ರಯದಲ್ಲಿ ‘ಫಿಲೊಪ್ಟೊಹೋಸ್’ ಎಂಬ ಮಹಿಳಾ ಸೇವಾಸಂಘ ಬಂತು. ಅಜ್ಜಿ ಕಲಿಸಿದ ಸಿಹಿತಿಂಡಿ ಮಾಡಿ ಮಾರಿ, ಬಂದ ದುಡ್ಡನ್ನು ಬಡವರಿಗೆ, ವಿದ್ಯಾರ್ಥಿಗಳಿಗೆ ಕೊಡುವುದು ಇಂಥ ಸಂಘಗಳ ರೂಢಿ. ನಮ್ಮಲ್ಲೂ ಹಾಗೆಯೇ. ಉತ್ತರ ಕನ್ನಡದ ಶಿರಾಲಿ ಮಠದ ಸಾರಸ್ವತರು ಮುಂಬಯಿಗೆ ಹೋಗಿ ನೆಲೆಸಿದಾಗ ಅವರ ಹೆಂಗಸರು 1917ರಲ್ಲಿ ಸಾರಸ್ವತ ಮಹಿಳಾ ಸಮಾಜ ಕಟ್ಟಿದರು. ಆ ಸಮಾಜ 1943ರಲ್ಲಿ ಪ್ರಕಟಿಸಿದ, ಅಂಬಾಬಾಯಿ ಸಂಶಿ ಅವರ ‘ರಸಚಂದ್ರಿಕಾ’ ಎಂಬ ಅಡುಗೆ ಪುಸ್ತಕ ಮಲ್ಲೇಶ್ವರದ ಸಾರಸ್ವತ ಮನೆಗಳಲ್ಲಿ ಸೊಸೆಯಂದಿರ ಕೈಗೆ ಬರುತ್ತಲೇ ಇದೆ. ಇಂಥ ಸಂಘಗಳಿಗೆ ಹೆಂಗಸರು ತಂದ ಬಂಡವಾಳ ಎಂದರೆ ಅಡುಗೆಮನೆಯ ವಿದ್ಯೆ. ಅದನ್ನು ಪುಸ್ತಕ ಮಾಡಬಹುದು, ತಿಂಡಿ ಮಾಡಿ ಮಾರಬಹುದು. ನಮ್ಮ ಸಮಾಜಗಳ ಬೇಸಿಗೆಯ ಹಪ್ಪಳ, ಸಂಡಿಗೆ, ಚಟ್ನಿಪುಡಿಯೂ ಅದೇ ಸಾಲಿಗೆ ಸೇರಿದ್ದು.

ಮೆಚ್ಚುವ ಭರದಲ್ಲಿ ಒಂದು ಮಾತು ನುಂಗಬಾರದು. ಹಳೆಯ ಬಡಾವಣೆಗಳ ಈ ಸಮಾಜಗಳಲ್ಲಿ ಮೊದಲ ದಶಕಗಳಲ್ಲಿ ಇದ್ದವರು ಬಹುಮಟ್ಟಿಗೆ ಮೇಲುಜಾತಿಯ, ಓದಿದ ಮನೆತನಗಳ ಹೆಂಗಸರು. ಅವರ ಮನೆಯ ಬಟ್ಟೆ ಒಗೆಯುತ್ತಿದ್ದವಳಿಗೆ, ಅಂಗಳ ಗುಡಿಸುತ್ತಿದ್ದವಳಿಗೆ ಮಧ್ಯಾಹ್ನದ ಆ ಬಿಡುವೇ ಇರಲಿಲ್ಲ. ಬಾಗಿಲು ಅಗಲವಾಗಲು ಕಾಲ ಹಿಡಿಯಿತು. ಸಮಾಜಗಳು ಸ್ಕೂಲು, ಹಾಸ್ಟೆಲುಗಳಾಗಿ ಬೆಳೆದ ಮೇಲೆ ಬೇರೆ ಬೇರೆ ಓಣಿಗಳ ಮಕ್ಕಳು ಒಳಗೆ ಬಂದರು. ಇಂದು ಮಹಿಳಾ ಸೇವಾ ಸಮಾಜದ ತರಗತಿಯಲ್ಲಿ ಹಾಜರಿ ಕೂಗುವಾಗ ಕೇಳುವ ಹೆಸರುಗಳು 1913ರ ಸದಸ್ಯರ ಪಟ್ಟಿಯಂತೆ ಖಂಡಿತ ಇರಲಾರವು, ಮತ್ತು ಅದು ಆಗಬೇಕಾದ್ದೇ.

ಇನ್ನು ಕಲ್ಯಾಣಮ್ಮನವರ ಪತ್ರಿಕೆ. ನಂಜನಗೂಡು ತಿರುಮಲಾಂಬಾ ಇದೇ ಹಾದಿಯಲ್ಲಿ ಮುಂಚೆ ನಡೆದವರು. ಅವರೂ ಬಾಲವಿಧವೆ, ಅವರೂ ಸ್ವಂತ ಗ್ರಂಥಮಾಲೆ, ಪತ್ರಿಕೆ ನಡೆಸಿದವರು. ಹೆಂಗಸರ ಮಾಸಪತ್ರಿಕೆಯನ್ನು 42 ವರ್ಷ ನಡೆಸುವುದು ಎಂದರೆ ಐನೂರು ಸಂಚಿಕೆಯ ಮಾತು. ಪ್ರತಿ ತಿಂಗಳೂ ಬರಹ ಹೊಂದಿಸಬೇಕು, ಕರಡು ತಿದ್ದಬೇಕು, ಕಾಗದದ ಅಂಗಡಿಗೆ ದುಡ್ಡು ಕಟ್ಟಬೇಕು, ಚಂದಾ ಮುಗಿದವರಿಗೆ ಕಾರ್ಡು ಬರೆಯಬೇಕು, ವಿಳಾಸ ಅಂಟಿಸಿ ಅಂಚೆಗೆ ಹಾಕಬೇಕು. ಎರಡನೇ ಮಹಾಯುದ್ಧದ ಕಾಗದದ ಬರವನ್ನೂ ದಾಟಿ ಆ ಪತ್ರಿಕೆ ಉಳಿಯಿತು. ಕಥೆ, ಪ್ರಬಂಧ ಬರೆಯಲು ಅಂಜುತ್ತಿದ್ದ ಹೆಂಗಸರಿಗೆ ಮೊದಲ ಬಾರಿ ತಮ್ಮ ಹೆಸರನ್ನು ಅಚ್ಚಿನಲ್ಲಿ ನೋಡುವ ಜಾಗ ಅದಾಗಿತ್ತು. ಹಾಗೆ ಬರೆಯುವವರನ್ನು ಬೆಳೆಸುತ್ತಲೇ ಕಲ್ಯಾಣಮ್ಮ ಮಕ್ಕಳ ಕಡೆ ತಿರುಗಿದರು. ಸ್ವಂತ ಮಕ್ಕಳಿಲ್ಲದ ಅವರು ಊರಿನ ಮಕ್ಕಳಿಗೆಲ್ಲ ಹಾಡು, ಕುಣಿತ, ನಾಟಕದ ಒಂದು ಅಂಗಳ ಮಾಡಿಕೊಟ್ಟರು. ಮಕ್ಕಳಿಗೆ ಆಟವೂ ಒಂದು ಹಕ್ಕು ಎಂದು 1938ರಲ್ಲಿ ಯೋಚಿಸಿದವರು ಎಷ್ಟು ಜನ!

‘ಸರಸ್ವತಿ’ಯ ಹಳೆಯ ಸಂಪುಟಗಳು ಇನ್ನೂ ಮನೆಗಳಲ್ಲಿ ಇರಬೇಕು. ಶಂಕರಪುರದ, ವಿಶ್ವೇಶ್ವರಪುರದ, ಚಾಮರಾಜಪೇಟೆಯ ಹಳೆಯ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟಿಗೆ ಜಾಗ ಬಿಟ್ಟುಕೊಡುತ್ತಿರುವ ಈ ದಿನಗಳಲ್ಲಿ, ಅಟ್ಟದ ಮೇಲಿನ ಕಟ್ಟುಗಳನ್ನು ರದ್ದಿಗೆ ಹಾಕುವ ಮುಂಚೆ ದಯವಿಟ್ಟು ಒಮ್ಮೆ ಬಿಚ್ಚಿ ನೋಡಿ. ಅಜ್ಜಿಯ ಹೆಸರಿಗೆ ಬರುತ್ತಿದ್ದ ಮಾಸಪತ್ರಿಕೆಗಳು, ಮಹಿಳಾ ಸಮಾಜದ ವಾರ್ಷಿಕ ವರದಿಗಳು, ಹೊಲಿಗೆ ತರಗತಿಯ ಗ್ರೂಪ್ ಫೋಟೊಗಳು, ರಸೀತಿ ಪುಸ್ತಕಗಳು ಸಿಕ್ಕರೆ ಪಂಪ ಮಹಾಕವಿ ರಸ್ತೆಯ ಕನ್ನಡ ಸಾಹಿತ್ಯ ಪರಿಷತ್ತಿಗೆ ಕೊಟ್ಟರೂ ಆದೀತು, ಆಯಾ ಸಮಾಜಕ್ಕೇ ಕೊಟ್ಟರೂ ಆದೀತು. ಫೋಟೊದ ಹಿಂದೆ ಗೊತ್ತಿರುವವರ ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದು ಕೊಡಿ. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತವರ ಹೆಸರುಗಳು ಹೇಗೂ ವರದಿಗಳಲ್ಲಿ ಸಿಗುತ್ತವೆ. ಹಿಂದೆ ನಿಂತವರದ್ದನ್ನು ಮೊದಲು ಬರೆಯಿರಿ.