ಗೋಧಿ ಬಿಟ್ಟ ಮೇಲೆ ತೂಕ ಇಳೀತಾ ಇದೆಯಾ? ಖುಷಿಪಡೋ ಮುಂಚೆ ಇದನ್ನು ಓದಿ

‘ಗ್ಲುಟನ್ ಫ್ರೀ’ ಮಾತು ಈಗ ನಮ್ಮ ಗಲ್ಫ್‌ನ ಲೇಬರ್ ಕ್ಯಾಂಪ್‌ವರೆಗೂ ಬಂದಿದೆ. ಹೊಟ್ಟೆ ಉಬ್ಬರ, ಗ್ಯಾಸ್ ಅಂದರೆ ಸಾಕು, ‘ಕುಬೂಸ್ ಬಿಡು, ಸರಿ ಹೋಗ್ತದೆ’ ಎಂದು ರೂಮಿನವರೇ ಹೇಳಿಬಿಡುತ್ತಾರೆ. ಮೂರು ತಿಂಗಳಿಗೆ ಪ್ಯಾಂಟು ಸಡಿಲ. ‘ಸ್ಲಿಮ್ ಆಗಿದ್ದೀಯಲ್ಲ’ ಎಂಬ ಹೊಗಳಿಕೆ ಬೇರೆ. ನಾನು ಡಾಕ್ಟರಲ್ಲ, ಲೆಕ್ಕ ಬರೆಯುವವನು. ಆದರೆ ಕಾರಣ ಗೊತ್ತಿಲ್ಲದೆ ಕಡಿಮೆಯಾಗುವ ಅಂಕಿಯನ್ನು ನಮ್ಮ ಕೆಲಸದಲ್ಲಿ ಹಾಗೇ ಬಿಡೋದಿಲ್ಲ.

ಗ್ಲುಟನ್ ಎಂದರೆ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಪ್ರೋಟೀನ್. ಸೀಲಿಯಾಕ್ ಕಾಯಿಲೆ ಇದ್ದವರು ಇದನ್ನು ತಿಂದರೆ ಸಣ್ಣ ಕರುಳಿನ ಒಳಪದರ ಹಾಳಾಗುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಗ್ಲುಟನ್ ಪೂರ್ತಿ ಬಿಟ್ಟರೆ ಕರುಳು ನಿಧಾನವಾಗಿ ವಾಸಿಯಾಗುತ್ತದೆ, ಇಳಿದ ತೂಕ ಸಾಮಾನ್ಯವಾಗಿ ವಾಪಸ್ ಬರುತ್ತದೆ. ಪಥ್ಯ ಮಾಡಿದ ಮೇಲೂ ಇಳಿಯುತ್ತಲೇ ಇದ್ದರೆ ಲೆಕ್ಕ ತಾಳೆಯಾಗುತ್ತಿಲ್ಲ ಎಂದರ್ಥ.

ಮೊದಲು ತಟ್ಟೆ ನೋಡಿ. 100 ಗ್ರಾಂ ಗೋಧಿ ಹಿಟ್ಟಿನಲ್ಲಿ ಸುಮಾರು 340 ಕ್ಯಾಲೊರಿ. ಕುಬೂಸ್, ಪರೋಟ ಬಿಟ್ಟು ಅದರ ಜಾಗಕ್ಕೆ ಸೌತೆಕಾಯಿ ತಿಂದರೆ, ಸೈಟ್‌ನಲ್ಲಿ ದುಡಿಯುವ ಮೈ ಇಳಿಯದೆ ಇನ್ನೇನು? ಅನ್ನ, ರಾಗಿ, ಜೋಳ, ನೀರ್ ದೋಸೆ, ಬೇಳೆ, ಮೊಟ್ಟೆ, ಮೀನು ಹೊಟ್ಟೆ ತುಂಬಾ ತಿನ್ನಬಹುದು. ಸೀಲಿಯಾಕ್ ಇದ್ದವರು ಗೊತ್ತಿಲ್ಲದೆ ಒಳಗೆ ಹೋಗುವ ಗ್ಲುಟನ್ ಕೂಡ ಹುಡುಕಬೇಕು. ರವೆ ಉಪ್ಪಿಟ್ಟು, ಶಾವಿಗೆ ಸಾಮಾನ್ಯವಾಗಿ ಗೋಧಿಯದೇ. ಡಬ್ಬಿ ಇಂಗಿಗೆ ಹೆಚ್ಚಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಸೋಯಾ ಸಾಸ್‌ನಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತದೆ. ಮೆಸ್ಸಿನಲ್ಲಿ ಪರೋಟ ಬೇಯಿಸಿದ ಕಾವಲಿಯಲ್ಲೇ ದೋಸೆ ಹೊಯ್ದರೂ ತೊಂದರೆಯೇ.

ಊಟ ಸರಿಯಿದ್ದೂ ಇಳಿಯುತ್ತಿದ್ದರೆ ಕಾರಣ ಬೇರೆ ಇರಬಹುದು. ಆರರಿಂದ ಹನ್ನೆರಡು ತಿಂಗಳಲ್ಲಿ, ಪ್ರಯತ್ನಪಡದೆ, ಶೇ. 5ರಷ್ಟು ತೂಕ ಹೋದರೆ ತಪಾಸಣೆ ಬೇಕೆನ್ನುತ್ತಾರೆ ವೈದ್ಯರು. 70 ಕೆ.ಜಿ. ಇದ್ದವರಿಗೆ ಅದು ಮೂರೂವರೆ ಕೆ.ಜಿ. ಅಷ್ಟೇ. ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಸಕ್ಕರೆ ಕಾಯಿಲೆ ಇರಬಹುದು. ಎದೆ ಬಡಿತ, ಕೈನಡುಕ ಇದ್ದರೆ ಥೈರಾಯ್ಡ್ ನೋಡಿಸಿ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು ಇದ್ದರೆ ಕ್ಷಯ ಇರಬಹುದು. ಇದನ್ನು ವೀಸಾ ಹೋದೀತೆಂಬ ಹೆದರಿಕೆಗೆ ಕೆಲವರು ಮುಚ್ಚಿಡುತ್ತಾರೆ. ಹೆದರಿಕೆ ಸುಳ್ಳಲ್ಲ, ಆದರೆ ಒಂದೇ ರೂಮಿನಲ್ಲಿ ಆರೆಂಟು ಜನ ಮಲಗುತ್ತೇವೆ ಎಂಬುದೂ ಸುಳ್ಳಲ್ಲ. ಕ್ಯಾನ್ಸರ್, ಕರುಳಿನ ಬೇರೆ ರೋಗ, ಮನಸ್ಸಿನ ಖಿನ್ನತೆಯಿಂದಲೂ ತೂಕ ಇಳಿಯುತ್ತದೆ.

ಮುಖ್ಯವಾದ ಇನ್ನೊಂದು ಮಾತು. ಸೀಲಿಯಾಕ್ ಪತ್ತೆಗೆ ಟಿಟಿಜಿ ಎಂಬ ರಕ್ತ ಪರೀಕ್ಷೆ ಇದೆ. ಅದನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಬಿಟ್ಟು ತಿಂಗಳುಗಟ್ಟಲೆ ಆದ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ರಿಪೋರ್ಟ್ ನಾರ್ಮಲ್ ಬರಬಹುದು. ಈಗಾಗಲೇ ಬಿಟ್ಟಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ, ಮತ್ತೆ ಎಷ್ಟು ದಿನ ತಿನ್ನಬೇಕೆಂದು ಅವರೇ ಹೇಳಲಿ.

ಊರಿಗೆ ರಜೆಗೆ ಹೋದಾಗ ನೋಡೋಣ ಎಂದು ಮುಂದೂಡಬೇಡಿ, ರಜೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ವಾರಕ್ಕೊಮ್ಮೆ ಒಂದೇ ಮಾಪಕದಲ್ಲಿ ತೂಕ ನೋಡಿ, ತಾರೀಖು ಹಾಕಿ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಕ್ಲಿನಿಕ್‌ಗೆ ಹೋದಾಗ ಅದನ್ನೇ ತೋರಿಸಿ.